ಐಸ್ ಹಾಕಿ ವಿಡಿಯೊ ಗೇಮ್‌ಗಳಲ್ಲಿ ದೊಡ್ಡ ಆಟಗಾರನೇ ಏಕೆ ಹಿಂದಕ್ಕೆ ತೂರಾಡುತ್ತಾನೆ?

ನಿಮ್ಮ ಪ್ರಶ್ನೆಯಲ್ಲಿ ಮೂರು ದೂರುಗಳಿವೆ. 100 ಕೆ.ಜಿ. ತೂಕದ ರಕ್ಷಣಾ ಆಟಗಾರನನ್ನು ಆರಿಸಿಕೊಂಡು, ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹೊತ್ತು ಬರುವ 80 ಕೆ.ಜಿ.ಯ ಆಟಗಾರನಿಗೆ ಬಾಡಿ ಚೆಕ್, ಅಂದರೆ ಮೈಯಿಂದ ಡಿಕ್ಕಿ, ಕೊಟ್ಟರೆ ಒಮ್ಮೆ ಅವನು ಉರುಳುತ್ತಾನೆ, ಇನ್ನೊಮ್ಮೆ ನಿಮ್ಮವನೇ ಹಿಂದಕ್ಕೆ ತೂರಾಡುತ್ತಾನೆ. ಪರದೆಯ ಮೇಲೆ ಇಬ್ಬರೂ ಅಕ್ಕಪಕ್ಕದಲ್ಲೇ ಇದ್ದರೂ ಕೆಲವು ಸಲ ಡಿಕ್ಕಿ ತಗಲುವುದೇ ಇಲ್ಲ. ಚೆನ್ನಾಗಿ ತಗಲಿದಾಗಲೂ ಕೆಲವು ಸಲ ಎರಡು ನಿಮಿಷ ಆಟದಿಂದ ಹೊರಗೆ ಕೂರಿಸುವ ಪೆನಾಲ್ಟಿ ಬೀಳುತ್ತದೆ. ಇದೆಲ್ಲ ಆಟ ಒಳಗೊಳಗೇ ಎತ್ತುವ ಚೀಟಿಯೇ, ಅಥವಾ ಇದರ ಹಿಂದೆ ಲೆಕ್ಕವೇನಾದರೂ ಇದೆಯೇ ಎಂದು ಕೇಳಿದ್ದೀರಿ. ನಾನು ಈ ಬಗೆಯ ಆಟಗಳನ್ನು ಬಹುಕಾಲದಿಂದ ಆಡುತ್ತಿದ್ದೇನೆ. ಹವ್ಯಾಸಕ್ಕಾಗಿ ಡಿಕ್ಕಿಯ ಸಣ್ಣ ಮಾದರಿಗಳನ್ನು ಕಂಪ್ಯೂಟರ್‌ನಲ್ಲಿ ಬರೆದೂ ನೋಡಿದ್ದೇನೆ. ಲೆಕ್ಕ ಖಂಡಿತವಾಗಿಯೂ ಇದೆ, ಆದರೆ ಆ ಲೆಕ್ಕದಲ್ಲಿ ತೂಕಕ್ಕೆ ನೀವು ಕೊಡುತ್ತಿರುವಷ್ಟು ಬೆಲೆ ಇಲ್ಲ ಎಂಬುದು ನನ್ನ ಉತ್ತರದ ತಿರುಳು.

ಮೊದಲು ಅಂಕಿಗಳನ್ನೇ ತೆಗೆದುಕೊಳ್ಳೋಣ, ಏಕೆಂದರೆ ಇಲ್ಲಿ ಊಹೆಗಿಂತ ಅಂಕಿಗಳು ಹೆಚ್ಚು ಮಾತಾಡುತ್ತವೆ. ನಿಮ್ಮ 100 ಕೆ.ಜಿ. ಆಟಗಾರ ಸೆಕೆಂಡಿಗೆ 8 ಮೀಟರ್ ವೇಗದಲ್ಲಿಯೂ ಎದುರಾಳಿ 6 ಮೀಟರ್ ವೇಗದಲ್ಲಿಯೂ ಜಾರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ನಿಮ್ಮವನು ಹಿಂದಿನಿಂದ ಬೆನ್ನಟ್ಟಿ ಮುಟ್ಟಿದರೆ ಅವರಿಬ್ಬರ ನಡುವಿನ ಸಾಪೇಕ್ಷ ವೇಗ ಕೇವಲ 2 ಮೀಟರ್. ಆ ಡಿಕ್ಕಿಯಲ್ಲಿ ಖರ್ಚಾಗಬಲ್ಲ ಚಲನ ಶಕ್ತಿ ಸುಮಾರು 89 ಜೂಲ್. ಲಂಬ ಕೋನದಲ್ಲಿ ಬಂದು ಮುಟ್ಟಿದರೆ ಸಾಪೇಕ್ಷ ವೇಗ 10 ಮೀಟರ್ ಆಗುತ್ತದೆ, ಶಕ್ತಿ 2,200 ಜೂಲ್ ದಾಟುತ್ತದೆ. ಮುಖಾಮುಖಿಯಾದರೆ ಸಾಪೇಕ್ಷ ವೇಗ 14 ಮೀಟರ್, ಶಕ್ತಿ ಸುಮಾರು 4,350 ಜೂಲ್. ಅದೇ ಇಬ್ಬರು ಆಟಗಾರರು, ಅದೇ ವೇಗ, ಅದೇ ತೂಕ. ಬಂದ ದಿಕ್ಕು ಬದಲಾದದ್ದಷ್ಟಕ್ಕೇ ಪೆಟ್ಟಿನ ಶಕ್ತಿ 49 ಪಟ್ಟು ಬದಲಾಯಿತು. ಈಗ ತೂಕವನ್ನು ಬದಲಾಯಿಸಿ ನೋಡಿ. ನಿಮ್ಮವನ ಜಾಗದಲ್ಲಿ 80 ಕೆ.ಜಿ. ಆಟಗಾರನನ್ನೇ ಇಟ್ಟರೆ ಮುಖಾಮುಖಿ ಡಿಕ್ಕಿಯ ಶಕ್ತಿ 3,920 ಜೂಲ್‌ಗೆ ಇಳಿಯುತ್ತದೆ, ಅಂದರೆ ಹತ್ತನೆಯ ಒಂದು ಭಾಗದಷ್ಟು ಮಾತ್ರ ಕಡಿಮೆ. ವೇಗವು ವರ್ಗವಾಗಿ ಲೆಕ್ಕಕ್ಕೆ ಬರುವುದರಿಂದ ತೂಕ ಅದರ ಮುಂದೆ ಮಂಕಾಗಿಬಿಡುತ್ತದೆ.

ತೂಕದ ಕೆಲಸ ಬೇರೆ ಕಡೆ ಇದೆ: ಡಿಕ್ಕಿಯಾದ ಮೇಲೆ ಯಾರ ಚಲನೆ ಎಷ್ಟು ಕೆಡುತ್ತದೆ ಎಂಬುದನ್ನು ಅದು ಹಂಚುತ್ತದೆ. ಮೇಲಿನ ಮುಖಾಮುಖಿ ಡಿಕ್ಕಿಯಲ್ಲಿ ಇಬ್ಬರೂ ಒಂದು ಕ್ಷಣ ಅಂಟಿಕೊಂಡು ಸಾಗುತ್ತಾರೆ ಎಂದು ಭಾವಿಸಿದರೆ, ಸಂವೇಗದ (ತೂಕವನ್ನು ವೇಗದಿಂದ ಗುಣಿಸಿದ ಮೊತ್ತದ) ಲೆಕ್ಕದಂತೆ ಅವರು ನಿಮ್ಮವನ ದಿಕ್ಕಿನಲ್ಲಿಯೇ ಸೆಕೆಂಡಿಗೆ ಸುಮಾರು 1.8 ಮೀಟರ್ ವೇಗದಲ್ಲಿ ಮುಂದುವರಿಯುತ್ತಾರೆ. ನಿಮ್ಮವನ ವೇಗ 6.2 ಮೀಟರ್‌ನಷ್ಟು ಕುಗ್ಗುತ್ತದೆ, ಎದುರಾಳಿಯದು 7.8 ಮೀಟರ್‌ನಷ್ಟು ಬದಲಾಗುತ್ತದೆ. ಆದರೆ ನಿಮ್ಮವನು ಡಿಕ್ಕಿಗೆ ಮುಂಚೆ ಬ್ರೇಕ್ ಹಾಕಿ, ಅಥವಾ ಗುಂಡಿ ಒತ್ತುವ ಆತುರದಲ್ಲಿ ದಿಕ್ಕು ಬದಲಾಯಿಸಿ, 4 ಮೀಟರ್ ವೇಗಕ್ಕೆ ಇಳಿದಿದ್ದರೆ ಏನಾಗುತ್ತದೆ? 100ರ ನಾಲ್ಕು ಪಟ್ಟು 400, 80ರ ಆರು ಪಟ್ಟು 480. ಸಣ್ಣವನ ಸಂವೇಗವೇ ಹೆಚ್ಚಾಗಿದೆ. ಆದ್ದರಿಂದ ದೊಡ್ಡವನೇ ಹಿಂದಕ್ಕೆ ಸರಿಯುತ್ತಾನೆ. ನಿಮ್ಮ ಮೊದಲ ದೂರಿನ ಬಹುಪಾಲು ಇಲ್ಲಿಯೇ ಬಗೆಹರಿಯುತ್ತದೆ. ಬಹುತೇಕ ಆಟಗಳಲ್ಲಿ ದೊಡ್ಡ ಆಟಗಾರನಿಗೆ ವೇಗ ಕೂಡಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು, ತಿರುಗಲು ಹೆಚ್ಚು ಜಾಗ ಬೇಕು. ನೀವು ಅವನನ್ನು ಕೊನೆಯ ಗಳಿಗೆಯಲ್ಲಿ ಹೊರಳಿಸಿದಾಗಲೆಲ್ಲ ಅವನ ಬಂಡವಾಳವಾದ ವೇಗವನ್ನು ನೀವೇ ಕಳೆಯುತ್ತಿದ್ದೀರಿ.

ಇದರ ಮೇಲೆ ಇನ್ನೆರಡು ಸಂಗತಿಗಳು ಕೂಡಿಕೊಳ್ಳುತ್ತವೆ. ಒಂದು, ಪೆಟ್ಟು ದೇಹದ ಯಾವ ಭಾಗಕ್ಕೆ ಬಿತ್ತು ಎಂಬುದು. ಬಾಗಿಲನ್ನು ಕೀಲಿನ ಬಳಿ ತಳ್ಳುವುದಕ್ಕೂ ತುದಿಯಲ್ಲಿ ತಳ್ಳುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ: ಎದೆಯ ನಡುವಿಗೆ ಬಿದ್ದ ಪೆಟ್ಟು ದೇಹವನ್ನು ಇಡಿಯಾಗಿ ಹಿಂದಕ್ಕೆ ಒಯ್ಯುತ್ತದೆ, ಒಂದು ಭುಜದ ಅಂಚಿಗೆ ಬಿದ್ದದ್ದು ದೇಹವನ್ನು ಗಿರ್ರನೆ ತಿರುಗಿಸುತ್ತದೆಯೇ ಹೊರತು ತಡೆಯುವುದಿಲ್ಲ. ಸೊಂಟದಿಂದ ತಳ್ಳುವ ಹಿಪ್ ಚೆಕ್‌ನಲ್ಲಿ ಎದುರಾಳಿ ಗಾಳಿಯಲ್ಲಿ ಪಲ್ಟಿ ಹೊಡೆಯುವುದಕ್ಕೂ ಕಾರಣ ಇದೇ. ಬಲವು ಅವನ ಗುರುತ್ವ ಕೇಂದ್ರಕ್ಕಿಂತ ಕೆಳಗೆ ಬಿದ್ದಾಗ ಕಾಲುಗಳು ನಿಂತು ಮೇಲಿನ ದೇಹ ಮುಂದೆ ಹೋಗುತ್ತದೆ. ಎರಡನೆಯದು, ಪೆಟ್ಟು ತಿನ್ನುವವನು ಸಿದ್ಧನಾಗಿದ್ದನೇ ಎಂಬುದು. ಸ್ಕೇಟಿನ ಅಲಗು ತನ್ನ ಉದ್ದಕ್ಕೆ ಬಹುತೇಕ ಘರ್ಷಣೆಯಿಲ್ಲದೆ ಜಾರುತ್ತದೆ, ಅಡ್ಡಲಾಗಿ ಮಾತ್ರ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ. ಮಂಡಿ ಬಾಗಿಸಿ, ಅಲಗನ್ನು ಪೆಟ್ಟಿನ ದಿಕ್ಕಿಗೆ ಅಡ್ಡಲಾಗಿ ಊರಿಕೊಂಡವನನ್ನು ಕದಲಿಸುವುದು ಕಷ್ಟ. ಪಾಸ್ ಹಿಡಿಯಲು ನೆಟ್ಟಗೆ ನಿಂತು ಹಿಂದಕ್ಕೆ ಕೈ ಚಾಚಿದವನನ್ನು ಕೆಡಹುವುದು ಸುಲಭ. ಒಳ್ಳೆಯ ಆಟಗಳು ಈ ಸ್ಥಿತಿಯನ್ನು ಗುರುತಿಸಿ ಲೆಕ್ಕಕ್ಕೆ ಸೇರಿಸುತ್ತವೆ, ಸಮತೋಲನ, ಬಲ, ಬಾಡಿ ಚೆಕಿಂಗ್ ಎಂಬ ರೇಟಿಂಗ್‌ಗಳನ್ನು ಅದರ ಮೇಲೆ ಗುಣಿಸುತ್ತವೆ. ಪಕ್ ಇಲ್ಲದೆ ಓಡುತ್ತಿರುವವನಿಗಿಂತ ಆಗ ತಾನೇ ಪಾಸ್ ಪಡೆಯುತ್ತಿರುವವನು ನಿಮಗೆ ಸುಲಭವಾಗಿ ಸಿಕ್ಕಿಬೀಳುವುದು ಆಕಸ್ಮಿಕವಲ್ಲ.

ಆಟಗಳು ಯಾವಾಗಲೂ ಹೀಗೆ ಲೆಕ್ಕ ಹಾಕುತ್ತಿರಲಿಲ್ಲ. ನಿಂಟೆಂಡೊ 1988ರಲ್ಲಿ ತನ್ನ ಎನ್‌ಇಎಸ್ ಯಂತ್ರಕ್ಕಾಗಿ ತಂದ ಐಸ್ ಹಾಕಿ ಆಟದಲ್ಲಿ ಭೌತಶಾಸ್ತ್ರವೆಲ್ಲ ಮೂರು ದೇಹಗಳಲ್ಲಿ ಅಡಗಿತ್ತು: ಸಣಕಲ, ಮಧ್ಯಮ, ದಪ್ಪ. ದಪ್ಪನನ್ನು ಕದಲಿಸುವುದು ಕಷ್ಟ, ಅವನ ಹೊಡೆತಕ್ಕೆ ಬಲ ಹೆಚ್ಚು, ಆದರೆ ಓಟ ನಿಧಾನ. ಸಣಕಲ ಚುರುಕಾಗಿದ್ದರೂ ಮುಟ್ಟಿದರೆ ಬೀಳುತ್ತಾನೆ. ಪಂದ್ಯಕ್ಕೆ ಮುಂಚೆ ನಾಲ್ವರು ಸ್ಕೇಟರ್‌ಗಳ ದೇಹಗಳನ್ನು ಆರಿಸಿಕೊಳ್ಳುವುದರಲ್ಲಿಯೇ ಅರ್ಧ ತಂತ್ರ ಮುಗಿದುಹೋಗುತ್ತಿತ್ತು. ಅಷ್ಟು ಸರಳವಾದ ವ್ಯವಸ್ಥೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ, ಏಕೆಂದರೆ ಯಾರು ಯಾರನ್ನು ಕೆಡಹಬಲ್ಲರು ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ಆಟಗಾರನಿಗೆ ತಿಳಿಯದ ನಿಖರತೆಗಿಂತ ತಿಳಿಯುವ ಸರಳತೆಯೇ ಎಷ್ಟೋ ಸಲ ಮೇಲು. ಕೊನಾಮಿಯ ಬ್ಲೇಡ್ಸ್ ಆಫ್ ಸ್ಟೀಲ್ ಆಟದಲ್ಲಿ ಮೈತಾಕುವಿಕೆ ಬೆಳೆದು ಮುಷ್ಟಿಯುದ್ಧವಾಗುತ್ತಿತ್ತು, ಮತ್ತು ಅದರಲ್ಲಿ ಸೋತವನೇ ಪೆನಾಲ್ಟಿ ಬಾಕ್ಸ್‌ಗೆ ಹೋಗಬೇಕಾಗಿತ್ತು. ನ್ಯಾಯದ ದೃಷ್ಟಿಯಿಂದ ಇದು ತಮಾಷೆ, ಆದರೆ ಆಟದ ದೃಷ್ಟಿಯಿಂದ ಸ್ಪಷ್ಟ.

ಆ ಕಾಲದ ಸ್ವಾರಸ್ಯಕರ ಉದಾಹರಣೆ ಮಾತ್ರ 1993ರಲ್ಲಿ ಬಂದ ಇಎ ಸಂಸ್ಥೆಯ ಎನ್‌ಎಚ್‌ಎಲ್ '94 (ಎನ್‌ಎಚ್‌ಎಲ್ ಎಂದರೆ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್). ಅದರ ಹಿಂದಿನ ವರ್ಷದ ಆವೃತ್ತಿಯಲ್ಲಿದ್ದ ಮುಷ್ಟಿಯುದ್ಧವನ್ನೂ ಗಾಯಗೊಂಡವನ ಸುತ್ತ ಹರಡುತ್ತಿದ್ದ ರಕ್ತವನ್ನೂ ಇದರಲ್ಲಿ ತೆಗೆದುಹಾಕಿದ್ದರು, ಆದ್ದರಿಂದ ಮೈಗೆ ಮೈ ತಾಗಿಸುವ ಸಂತೋಷವೆಲ್ಲ ಬಾಡಿ ಚೆಕ್‌ನ ಮೇಲೆಯೇ ನಿಂತಿತ್ತು. ಸೆಗಾ ಜೆನೆಸಿಸ್ ಯಂತ್ರದ ಆವೃತ್ತಿಯಲ್ಲಿ ತೂಕದ ಲೆಕ್ಕ ತಲೆಕೆಳಗಾಗಿತ್ತು: ಹಗುರ ಆಟಗಾರರು ಭಾರದವರನ್ನು ಸುಲಭವಾಗಿ ಉರುಳಿಸುತ್ತಿದ್ದರು. ಈ ದೋಷವನ್ನು ಅದರ ಅಭಿಮಾನಿಗಳು ಪತ್ತೆಹಚ್ಚಿದರು. ಇಂದಿಗೂ ಆ ಆಟದ ಪಂದ್ಯಾವಳಿಗಳನ್ನು ಆಡುವವರು ತಂಡ ಕಟ್ಟುವಾಗ ಹಗುರ ದೇಹದವರನ್ನು ಹುಡುಕುತ್ತಾರೆ. ತಪ್ಪು ಲೆಕ್ಕವೇ ಆದರೂ ಅದು ಸದಾ ಒಂದೇ ರೀತಿಯ ತಪ್ಪಾಗಿದ್ದರಿಂದ ಜನ ಅದನ್ನು ಕಲಿತು ಅದರ ಮೇಲೆಯೇ ಪರಿಣತಿಯನ್ನು ಕಟ್ಟಿಕೊಂಡರು. ಡಿಕ್ಕಿ ಎಷ್ಟು ನೈಜವಾಗಿದೆ ಎಂಬುದಕ್ಕಿಂತ ಒಂದೇ ಕಾರಣಕ್ಕೆ ಒಂದೇ ಫಲ ಬರುತ್ತದೆಯೇ ಎಂಬುದು ದೊಡ್ಡ ಪ್ರಶ್ನೆ ಎಂದು ನನಗನ್ನಿಸುವುದಕ್ಕೆ ಈ ಆಟವೇ ಮುಖ್ಯ ಕಾರಣ.

ಮಿಡ್‌ವೇ ಸಂಸ್ಥೆ 2001ರಲ್ಲಿ ಆರಂಭಿಸಿದ ಎನ್‌ಎಚ್‌ಎಲ್ ಹಿಟ್ಜ್ ಸರಣಿಯದು ಬೇರೆಯೇ ದಾರಿ. ಪ್ರತಿ ತಂಡಕ್ಕೆ ಮೂವರು ಸ್ಕೇಟರ್‌ಗಳು, ಒಡೆಯುವ ಗಾಜು, ಉಬ್ಬಿಸಿದ ಡಿಕ್ಕಿಗಳು. ಅಲ್ಲಿ ಹೊಡೆಯುವುದು ಸಾಧನವಲ್ಲ, ಗುರಿಯೇ ಅದು. ಆ ದಾರಿಯ ಬಗ್ಗೆ ನನಗೆ ಆಕ್ಷೇಪವಿಲ್ಲ, ಆದರೆ ನಿಮ್ಮ ಪ್ರಶ್ನೆಗೆ ಅದರಿಂದ ಬೆಳಕು ಸಿಗುವುದಿಲ್ಲ.

ಇಎ ಸರಣಿಯಲ್ಲಿ 2006ರ ಎನ್‌ಎಚ್‌ಎಲ್ 07 ಕಂಟ್ರೋಲರ್‌ನಲ್ಲಿ ಬಲ ಹೆಬ್ಬೆರಳಿನಿಂದ ಆಡಿಸುವ ಕಡ್ಡಿಗೆ ಆಟಗಾರನ ಸ್ಟಿಕ್ಕನ್ನು ಒಪ್ಪಿಸಿತು. ಪಕ್ ಇಲ್ಲದಾಗ ಅದೇ ಕಡ್ಡಿಯನ್ನು ಮೇಲಕ್ಕೆ ತಳ್ಳಿ ಬಾಡಿ ಚೆಕ್ ಮಾಡುವ ರೂಢಿ ಆ ಕಾಲದಿಂದ ನೆಲೆಯೂರಿತು. ಆದರೆ ಕಾಣುತ್ತಿದ್ದ ಡಿಕ್ಕಿ ಆಗಲೂ ಮೊದಲೇ ಚಿತ್ರಿಸಿಟ್ಟ ಅನಿಮೇಷನ್ನೇ. ಇಬ್ಬರೂ ಇಷ್ಟು ಹತ್ತಿರ ಬಂದು ಇಂಥ ಕೋನದಲ್ಲಿದ್ದರೆ ಇಂಥ ಬೀಳುವಿಕೆಯನ್ನು ತೋರಿಸು ಎಂಬ ಪಟ್ಟಿ ಒಳಗಿರುತ್ತಿತ್ತು. ಪಟ್ಟಿಯಲ್ಲಿರುವ ಎರಡು ಸಾಲುಗಳ ನಡುವೆ ನೀವು ನಿಂತಿದ್ದರೆ ಒಂದು ಅಂಗುಲದ ವ್ಯತ್ಯಾಸಕ್ಕೆ ಸುಮ್ಮನೆ ತಗಲಿದ್ದು ಭೀಕರ ಪೆಟ್ಟಾಗಿಬಿಡಬಹುದು, ಭೀಕರವಾಗಬೇಕಿದ್ದದ್ದು ಸವರಿಕೊಂಡು ಹೋಗಬಹುದು. ಚೀಟಿ ಎತ್ತಿದಂತೆ ಅನ್ನಿಸುವುದು ಇಂಥ ಕಡೆಯೇ. 2010ರ ಎನ್‌ಎಚ್‌ಎಲ್ 11ರಲ್ಲಿ ತತ್‌ಕ್ಷಣ ಲೆಕ್ಕಹಾಕುವ ಭೌತ ಎಂಜಿನ್ ಬಂತು, ಸ್ಟಿಕ್ಕುಗಳು ಮುರಿಯತೊಡಗಿದವು. ಮರುವರ್ಷದ ಆವೃತ್ತಿಯಲ್ಲಿ ಗೋಲಿಯೂ (ಗೋಲು ಕಾಯುವವನು) ಇತರರಂತೆ ಡಿಕ್ಕಿಗೆ ಒಳಪಡುವ ದೇಹವಾದ. 2012ರ ಆವೃತ್ತಿ ಸ್ಕೇಟಿಂಗ್‌ಗೆ ಜಡತ್ವವನ್ನು ತಂದಿತು. 2013ರ ಎನ್‌ಎಚ್‌ಎಲ್ 14 ಅದೇ ಸಂಸ್ಥೆಯ ಫಿಫಾ ಸರಣಿಯ ಡಿಕ್ಕಿ ತಂತ್ರಜ್ಞಾನವನ್ನು ಮಂಜುಗಡ್ಡೆಗೆ ಇಳಿಸಿತು. ಇವುಗಳಲ್ಲಿ ಬಾಡಿ ಚೆಕ್‌ಗೆ ಅತಿ ಹೆಚ್ಚು ಉಪಕಾರ ಮಾಡಿದ್ದು ಸ್ಕೇಟಿಂಗ್‌ನ ಬದಲಾವಣೆಯೆಂದು ನನ್ನ ಅಭಿಪ್ರಾಯ, ಹೆಸರಿನಲ್ಲಿ ಡಿಕ್ಕಿ ಎಂದಿರುವ ಯಾವುದೂ ಅಲ್ಲ. ಬೇಕಾದಾಗ ಬೇಕಾದ ಕಡೆ ಥಟ್ಟನೆ ತಿರುಗಬಲ್ಲ ಆಟಗಾರನಿಗೆ ತಪ್ಪಿದ ಡಿಕ್ಕಿ ನಷ್ಟವೇ ಅಲ್ಲ, ಮರುಕ್ಷಣ ತಿರುಗಿ ಮತ್ತೆ ಹೊಡೆಯುತ್ತಾನೆ. ಜಡತ್ವ ಬಂದ ಮೇಲೆ ತಪ್ಪಿದವನು ಹತ್ತಾರು ಅಡಿ ಜಾರಿಹೋಗಿ ತನ್ನ ಗೋಲಿಯ ಮುಂದೆ ಖಾಲಿ ಜಾಗವನ್ನು ಬಿಟ್ಟುಹೋಗುತ್ತಾನೆ. ಹೊಡೆಯಲೋ ಬೇಡವೋ ಎಂಬ ಯೋಚನೆ ಹುಟ್ಟುವುದೇ ಈ ನಷ್ಟದಿಂದ.

ನಿಮ್ಮ ಎರಡನೆಯ ದೂರು, ಪಕ್ಕದಲ್ಲಿದ್ದರೂ ಡಿಕ್ಕಿ ತಗಲದಿರುವುದು, ಸ್ವಲ್ಪ ತಾಂತ್ರಿಕವಾದದ್ದು. ಇಂಥ ಆಟಗಳಲ್ಲಿ ಕಣ್ಣಿಗೆ ಕಾಣುವ ದೇಹ ಒಂದು, ಲೆಕ್ಕಕ್ಕೆ ಸಿಗುವ ದೇಹ ಇನ್ನೊಂದು. ಸಾಮಾನ್ಯವಾಗಿ ಮುಂಡಕ್ಕೂ ಕೈಕಾಲುಗಳಿಗೂ ಎರಡೂ ತುದಿ ದುಂಡಗಿರುವ ಕೊಳವೆಯಂಥ ಆಕಾರಗಳನ್ನು ತೊಡಿಸಿರುತ್ತಾರೆ, ಏಕೆಂದರೆ ಅಂಥ ಎರಡು ಆಕಾರಗಳು ತಾಗಿದವೇ ಎಂದು ನೋಡುವ ಲೆಕ್ಕ ಬಹಳ ಅಗ್ಗ. ಅಂಗಿಯ ಅಂಚು, ಭುಜದ ಪ್ಯಾಡಿನ ಉಬ್ಬು ಆ ಕೊಳವೆಯ ಹೊರಗೆ ಉಳಿಯಬಹುದು. ಜೊತೆಗೆ ಸೆಕೆಂಡಿಗೆ 60 ಸಲ ಲೆಕ್ಕ ಹಾಕುವ ಆಟದಲ್ಲಿ ಎರಡು ಲೆಕ್ಕಗಳ ನಡುವೆ ಸುಮಾರು 16.7 ಮಿಲಿಸೆಕೆಂಡ್ ಕಳೆಯುತ್ತದೆ. ಮುಖಾಮುಖಿ ಬರುವ ನಮ್ಮ ಇಬ್ಬರು ಆಟಗಾರರು ಅಷ್ಟರಲ್ಲಿ 23 ಸೆಂಟಿಮೀಟರ್ ಹತ್ತಿರವಾಗಿರುತ್ತಾರೆ. ಅಂದರೆ ಒಂದು ಲೆಕ್ಕದಲ್ಲಿ ತಾಗದವರು ಮರು ಲೆಕ್ಕದಲ್ಲಿ ಒಬ್ಬರೊಳಗೊಬ್ಬರು ಹೊಕ್ಕಿರುತ್ತಾರೆ. ಪಕ್‌ನ ಸ್ಥಿತಿ ಇನ್ನೂ ಕಠಿಣ: ಅದರ ವ್ಯಾಸ 7.6 ಸೆಂಟಿಮೀಟರ್ ಮಾತ್ರ, ಗಂಟೆಗೆ 160 ಕಿಲೊಮೀಟರ್ ವೇಗದ ಹೊಡೆತದಲ್ಲಿ ಅದು ಎರಡು ಲೆಕ್ಕಗಳ ನಡುವೆ ಮುಕ್ಕಾಲು ಮೀಟರ್ ಸಾಗಿಬಿಡುತ್ತದೆ, ನಡುವೆ ಇದ್ದ ಸ್ಟಿಕ್ಕನ್ನು ಮುಟ್ಟದೆಯೇ ದಾಟಿಹೋಗಬಹುದು. ಆದ್ದರಿಂದ ವಸ್ತು ಎಲ್ಲಿದೆ ಎಂದು ನೋಡುವುದರ ಬದಲು, ಅದು ಹಿಂದಿನ ಜಾಗದಿಂದ ಈಗಿನ ಜಾಗದವರೆಗೆ ಗುಡಿಸಿಕೊಂಡು ಬಂದ ಹಾದಿಯನ್ನೆಲ್ಲ ಪರೀಕ್ಷಿಸುವ ಕ್ರಮವಿದೆ.

ಆನ್‌ಲೈನ್ ಆಡುವಾಗ ವಿಳಂಬವೂ ಸೇರುತ್ತದೆ. ನಿಮ್ಮ ಯಂತ್ರದ ಸುದ್ದಿ ಸರ್ವರ್ ತಲುಪಲು 50 ಮಿಲಿಸೆಕೆಂಡ್ ಹಿಡಿದರೆ, ಸಾಪೇಕ್ಷ ವೇಗ 14 ಮೀಟರ್ ಇದ್ದಾಗ 70 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಅದು ಹೆಚ್ಚುಕಡಿಮೆ ಒಂದು ದೇಹದ ಅಗಲ. ನಿಮ್ಮ ಪರದೆಯಲ್ಲಿ ಕಾಣುವ ಎದುರಾಳಿ ಹಳೆಯ ಸುದ್ದಿಯನ್ನು ಮುಂದಕ್ಕೆ ಊಹಿಸಿ ಬಿಡಿಸಿದ ಚಿತ್ರ. ಅವನು ಅಷ್ಟರಲ್ಲಿ ಹೊರಳಿದ್ದರೆ ನೀವು ಹೊಡೆದದ್ದು ಖಾಲಿ ಜಾಗಕ್ಕೆ. ಹೀಗಾಗಿ ಆನ್‌ಲೈನ್ ಪಂದ್ಯಗಳಲ್ಲಿ ಅಂಕಣದ ಬಯಲಿನ ನಡುವೆ ದೊಡ್ಡ ಡಿಕ್ಕಿಯನ್ನು ಅರಸುವುದು ಲಾಭದ ಕೆಲಸವಲ್ಲ. ಅಂಕಣದ ಸುತ್ತಲಿನ ತಡೆಗೋಡೆಯಾದ ಬೋರ್ಡ್‌ನ ಬದಿಯಲ್ಲಿ ಎದುರಾಳಿಗೆ ತಪ್ಪಿಸಿಕೊಳ್ಳುವ ದಿಕ್ಕುಗಳು ಅರ್ಧಕ್ಕೆ ಇಳಿದಿರುತ್ತವೆ, ಯಂತ್ರದ ಊಹೆ ತಪ್ಪುವ ಸಂಭವವೂ ಕಡಿಮೆ.

ಹಾಗಾದರೆ ಹೇಗೆ ಹೊಡೆಯಬೇಕು? ಪಕ್ ಹೊತ್ತವನ ಕಡೆಗೆ ನೇರವಾಗಿ ಧಾವಿಸಬೇಡಿ. ಅವನಿಗೂ ನಿಮ್ಮ ಗೋಲಿಗೂ ನಡುವಿನ ಹಾದಿಯಲ್ಲಿ ಉಳಿದು, ಅವನಿಗೆ ಹೊರಬದಿಯನ್ನು ಮಾತ್ರ ಬಿಟ್ಟುಕೊಟ್ಟು, ಅವನೇ ಬೋರ್ಡ್‌ನ ಕಡೆಗೆ ಸರಿಯುವಂತೆ ಮಾಡಿ. ಎನ್‌ಎಚ್‌ಎಲ್ ಅಂಕಣ 200 ಅಡಿ ಉದ್ದ, 85 ಅಡಿ ಅಗಲ ಮಾತ್ರ. ಬದಿ ಬೇಗ ಎದುರಾಗುತ್ತದೆ. ಅಲ್ಲಿಯವರೆಗೆ ಅವನ ವೇಗಕ್ಕೆ ಸರಿಸಮನಾಗಿ ಜಾರುತ್ತ ಬನ್ನಿ. ಕೊನೆಯಲ್ಲಿ ಒಳಗಿನಿಂದ ಹೊರಕ್ಕೆ ಓರೆಯಾಗಿ ಭುಜ ಕೊಟ್ಟರೆ, ಸಾಪೇಕ್ಷ ವೇಗ ದೊಡ್ಡದಾಗದಿದ್ದರೂ, ಅವನು ನಿಮ್ಮ ದೇಹಕ್ಕೂ ಬೋರ್ಡ್‌ಗೂ ನಡುವೆ ಸಿಕ್ಕಿಕೊಳ್ಳುತ್ತಾನೆ, ಪಕ್ ಬಿಡುಗಡೆಯಾಗುತ್ತದೆ. ನಿಮಗೆ ಬೇಕಾದದ್ದು ಆ ಪಕ್ ತಾನೇ? ಎದುರಾಳಿ ನೆಲಕ್ಕೆ ಬಿದ್ದನೇ ಎಂಬುದನ್ನು ಅಳತೆಗೋಲು ಮಾಡಿಕೊಂಡವರು ಇದನ್ನು ವಿಫಲ ಡಿಕ್ಕಿ ಎಂದು ಎಣಿಸುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಬಿದ್ದವನ ಪಕ್ ಅವನ ತಂಡದವನಿಗೇ ಸೇರಿ, ಹೊಡೆದ ನಿಮ್ಮವನು ಆಟದಿಂದ ಹೊರಗೆ ಜಾರಿಹೋದರೆ ಆ ಅಬ್ಬರದಿಂದ ದೊರೆತದ್ದು ಏನೂ ಇಲ್ಲ. ಬಯಲಿನ ನಡುವೆ ಎದುರಾಳಿ ತಲೆಯೆತ್ತಿಕೊಂಡು ಬರುತ್ತಿದ್ದರೆ ಸ್ಟಿಕ್ಕಿನಿಂದ ಚುಚ್ಚುವ ಪೋಕ್ ಚೆಕ್ ಸಾಕು. ಡಿಕ್ಕಿಯ ಗುಂಡಿ ಅಥವಾ ಕಡ್ಡಿಯನ್ನು ಪದೇಪದೇ ಅದುಮುವ ಅಭ್ಯಾಸವಿದ್ದರೆ ಬಿಡಿ: ಅನೇಕ ಆಟಗಳಲ್ಲಿ ಡಿಕ್ಕಿಯ ಸನ್ನದ್ಧ ಭಂಗಿ ಶುರುವಾದ ಮೇಲೆ ಆಟಗಾರ ಹೊಸದಾಗಿ ವೇಗ ಕೂಡಿಸಿಕೊಳ್ಳಲಾರ, ತಿರುಗಲೂ ಆರ, ಆ ಭಂಗಿಯೇ ಎದುರಾಳಿಗೆ ತಪ್ಪಿಸಿಕೊಳ್ಳಲು ಮುನ್ಸೂಚನೆ. ಒಬ್ಬರೇ ಆಡುವಾಗ ಸೆಟ್ಟಿಂಗ್ಸ್‌ನಲ್ಲಿ ಡಿಕ್ಕಿಯ ಬಲ, ಗುರಿಗೆ ಸಿಗುವ ನೆರವು ಇವುಗಳ ಸ್ಲೈಡರ್‌ಗಳಿದ್ದರೆ ನೆರವನ್ನು ಮೊದಲು ತಗ್ಗಿಸಿ. ನೆರವು ಹೆಚ್ಚಿದ್ದಷ್ಟೂ ಆಟವೇ ನಿಮ್ಮವನನ್ನು ಎದುರಾಳಿಯ ಕಡೆಗೆ ಎಳೆಯುತ್ತದೆ, ಕೋನವನ್ನು ಅಂದಾಜಿಸಲು ನೀವು ಕಲಿಯುವುದಿಲ್ಲ.

ಇನ್ನು ಪೆನಾಲ್ಟಿ. ಫೀಲ್ಡ್ ಹಾಕಿಯಲ್ಲಿ ಮೈಯಿಂದ ತಳ್ಳುವುದೇ ತಪ್ಪು. ಐಸ್ ಹಾಕಿಯಲ್ಲಿ ತಳ್ಳುವುದು ತಪ್ಪಲ್ಲ, ಯಾರನ್ನು, ಯಾವಾಗ, ಎಲ್ಲಿಗೆ ತಳ್ಳಿದಿರಿ ಎಂಬುದು ತಪ್ಪಾಗಬಹುದು. ಎನ್‌ಎಚ್‌ಎಲ್ ನಿಯಮಾವಳಿಯ 56ನೆಯ ನಿಯಮದಂತೆ ಪಕ್ಕನ್ನು ಕೊನೆಯದಾಗಿ ಮುಟ್ಟಿದವನೇ ಅದರ ಒಡೆಯ. ಅವನು ಅದನ್ನು ಬಿಟ್ಟ ಕೂಡಲೇ ಹೊಡೆದರೆ ಸರಿ, ತಡವಾದರೆ ಅದು ಇಂಟರ್‌ಫಿಯರೆನ್ಸ್. ನಿಮ್ಮ ಪೆನಾಲ್ಟಿಗಳಲ್ಲಿ ಹೆಚ್ಚಿನವು ಇದೇ ಆಗಿರಬೇಕು ಎಂದು ನನ್ನ ಅಂದಾಜು, ಏಕೆಂದರೆ ಪಾಸ್ ಹೊರಟದ್ದನ್ನು ಕಂಡ ಮೇಲೆಯೂ ಬೆರಳು ಕಡ್ಡಿಯನ್ನು ತಳ್ಳಿಬಿಡುತ್ತದೆ. ರಕ್ಷಣೆಯಿಲ್ಲದ ಸ್ಥಿತಿಯಲ್ಲಿರುವವನು ಬೋರ್ಡ್‌ಗೆ ಅಪಾಯಕಾರಿಯಾಗಿ ಅಪ್ಪಳಿಸುವಂತೆ ಮಾಡಿದರೆ 41ನೆಯ ನಿಯಮದ ಬೋರ್ಡಿಂಗ್. ದೂರದಿಂದ ಓಡಿಬಂದು ಅಥವಾ ನೆಗೆದು ಅಪ್ಪಳಿಸಿದರೆ 42ನೆಯ ನಿಯಮದ ಚಾರ್ಜಿಂಗ್. ಬೋರ್ಡ್‌ಗೆ ಒರಗಿ ನಿಂತವನಿಗಿಂತ ಅದರಿಂದ ಮೂರು ನಾಲ್ಕು ಅಡಿ ದೂರದಲ್ಲಿ ಬೆನ್ನು ತೋರಿಸಿ ನಿಂತವನನ್ನು ತಳ್ಳುವುದು ಹೆಚ್ಚು ಅಪಾಯ, ಏಕೆಂದರೆ ಬೀಳುವ ದೇಹದ ತಲೆ ಬೋರ್ಡ್ ತಲುಪಲು ಅಷ್ಟೇ ಅಂತರ ಬೇಕು. ತಲೆಯನ್ನೇ ಮುಖ್ಯವಾಗಿ ತಾಗುವ, ತಪ್ಪಿಸಬಹುದಾಗಿದ್ದ ಪೆಟ್ಟನ್ನು 48ನೆಯ ನಿಯಮ ನಿಷೇಧಿಸುತ್ತದೆ. ಅದು 2010ರಲ್ಲಿ ಬಂದದ್ದು. ಗೋಲಿ ತನ್ನ ಕ್ರೀಸ್ (ಗೋಲಿನ ಮುಂದೆ ಗುರುತು ಹಾಕಿದ ಜಾಗ) ಬಿಟ್ಟು ಹೊರಬಂದ ಮಾತ್ರಕ್ಕೆ ಅವನಿಗೆ ಡಿಕ್ಕಿ ಕೊಡುವ ಹಕ್ಕು ಬರುವುದಿಲ್ಲ.

ಆಟಗಳು ಇವುಗಳಲ್ಲಿ ಕಾಲದ ನಿಯಮವನ್ನು ಚೆನ್ನಾಗಿ ಪಾಲಿಸುತ್ತವೆ, ಉದ್ದೇಶದ ನಿಯಮಗಳಲ್ಲಿ ಎಡವುತ್ತವೆ. ಪಕ್ ಹೋಗಿ ಎಷ್ಟು ಹೊತ್ತಾಯಿತು, ಪೆಟ್ಟು ಬೆನ್ನಿಗೆ ಬಿತ್ತೇ, ಬೋರ್ಡ್ ಎಷ್ಟು ದೂರವಿತ್ತು ಎಂಬುದನ್ನು ಯಂತ್ರ ಅಳೆಯಬಲ್ಲದು. ಕೊನೆಯ ಗಳಿಗೆಯಲ್ಲಿ ಎದುರಾಳಿಯೇ ಬೆನ್ನು ತಿರುಗಿಸಿದನೇ, ನೀವು ತಪ್ಪಿಸಬಹುದಿತ್ತೇ ಎಂದು ತೀರ್ಮಾನಿಸಲು ರೆಫರಿಯ ಕಣ್ಣು ಬೇಕು. ಆದ್ದರಿಂದ ಬೋರ್ಡಿಂಗ್ ಪೆನಾಲ್ಟಿಗಳಲ್ಲಿ ಕೆಲವು ನಿಮಗೆ ಅನ್ಯಾಯವೆನ್ನಿಸಿದರೆ ಆ ಅನ್ನಿಸಿಕೆ ಪೂರ್ತಿ ತಪ್ಪಲ್ಲ. ತಡವಾದ ಡಿಕ್ಕಿಯ ಪೆನಾಲ್ಟಿಗಳನ್ನು ಮಾತ್ರ ನೀವೇ ನಿಲ್ಲಿಸಬಹುದು: ಎದುರಾಳಿ ಪಾಸ್ ಕೊಡಲು ಸ್ಟಿಕ್ ಎತ್ತಿದ್ದು ಕಂಡ ಕೂಡಲೇ ಕಡ್ಡಿಯಿಂದ ಹೆಬ್ಬೆರಳನ್ನು ತೆಗೆದು, ನಿಮ್ಮವನು ವೇಗ ಬಿಡದೆ ಪಾಸ್ ಹೋಗುತ್ತಿರುವ ದಿಕ್ಕಿಗೆ ಜಾರಲಿ. ಆ ಪಾಸ್ ಹಿಡಿಯಲು ನೆಟ್ಟಗೆ ನಿಲ್ಲುವವನು ನಿಮ್ಮ ಮುಂದಿನ ಗುರಿ.